ಡಯಾಲಿಸಿಸ್ ವಾರ್ಡಿನ ಮುಂದೆ ಸರದಿ ತಪ್ಪಿದ ಬೆಳಿಗ್ಗೆ

ಕಳೆದ ಬೇಸಿಗೆ ರಜೆಯಲ್ಲಿ ನಿಮ್ಮಲ್ಲಿ ದೊಡ್ಡವಳು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಾಗ ನಾನು ಹಿಂದೆ ನಿಂತು ನೋಡುತ್ತಿದ್ದೆ. ಫ್ಲವರ್ ಬ್ರಾಕೆಟ್ಟಿನೊಳಗೆ ಒಂದು ಕಡೆ ಕೀ, ಇನ್ನೊಂದು ಕಡೆ ಅದರ ವ್ಯಾಲ್ಯೂ. "ಇವೆಲ್ಲ ನೀನು ಬರೆದ ಕ್ರಮದಲ್ಲೇ ಹೊರಗೆ ಬರುತ್ತವೆ ಅಂತ ನಂಬಬೇಡ" ಎಂದೆ. ಅವಳು ತಿರುಗಿ, "ಅಜ್ಜೀ, ನಿಂಗೆ ಜೇಸನ್ ಗೊತ್ತಾ?" ಎಂದಳು. ಚಿಕ್ಕವನು ನಗಲು ಶುರು ಮಾಡಿದ. ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಎದುರು ನಿಂತು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ಒಂಟಿಕೊಪ್ಪಲಿನ ಒಂದು ಸಣ್ಣ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ ಅನ್ನುವಷ್ಟು ನಿಮಗೆ ಗೊತ್ತು. ಒಂದು ಮನೆಯ ಮಹಡಿಯ ಮೇಲೆ ಆ ಆಫೀಸು. ಆಸ್ಪತ್ರೆಗಳಿಗೆ, ಶಾಲೆಗಳಿಗೆ ಬೇಕಾದ ಪ್ರೋಗ್ರಾಂಗಳನ್ನು ಅಲ್ಲಿ ಬರೆಯುತ್ತಿದ್ದರು. ಬರೆಯುತ್ತಿದ್ದವಳು ವಿಜಯನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಎಂಜಿನಿಯರ್ ಹುಡುಗಿ. ಅವಳು ಬರೆದದ್ದನ್ನು ನಾನು ಬಳಸಿ ನೋಡಿ, ಎಲ್ಲಿ ಎಡವುತ್ತದೆ ಎಂದು ಹೇಳಬೇಕು. ಅವಳನ್ನು ನಾನು ಮೇಡಂ ಅನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು. ಬಿಡುವಿದ್ದಾಗ ತಾನು ಬರೆದ ಸಾಲುಗಳನ್ನು ನನಗೆ ಓದಿಸುತ್ತಿದ್ದಳು. ನನಗೆ ಹೊಸದಾಗಿ ಬರೆಯಲು ಬರುತ್ತಿರಲಿಲ್ಲ, ಬರೆದದ್ದನ್ನು ಓದಲು ಬರುತ್ತಿತ್ತು. ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತಿದ್ದ ಕಾಲ ಅದು.

ಒಂದು ಟ್ರಸ್ಟಿನ ಆಸ್ಪತ್ರೆಯವರು ತಮ್ಮ ಡಯಾಲಿಸಿಸ್ ವಾರ್ಡಿಗೆ ಸರದಿ ತೋರಿಸುವ ಪ್ರೋಗ್ರಾಂ ಮಾಡಿಸಿದ್ದರು. ಮೂತ್ರಪಿಂಡ ಕೆಲಸ ನಿಲ್ಲಿಸಿದವರ ರಕ್ತವನ್ನು ಮೆಷಿನ್ನಿಗೆ ಹರಿಸಿ, ಶುದ್ಧ ಮಾಡಿ, ಮತ್ತೆ ಮೈಗೆ ಬಿಡುವ ವಾರ್ಡು ಅದು. ಒಬ್ಬರಿಗೆ ಅರ್ಧ ದಿನವೇ ಹಿಡಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬರಲೇಬೇಕು. ತಪ್ಪಿದರೆ ಮೈಯಲ್ಲಿ ನೀರು ನಿಂತು, ಕೊನೆಗೆ ಉಸಿರಾಡಲು ಆಗುವುದಿಲ್ಲ. ಮೆಷಿನ್ನುಗಳು ಕಡಿಮೆ, ಬರುವವರು ಹೆಚ್ಚು. ಅದರಲ್ಲೂ ಆ ವಾರ ಒಂದು ಮೆಷಿನ್ ಕೆಟ್ಟು ನಿಂತಿತ್ತು, ಬಿಡಿಭಾಗ ಬಂದಿರಲಿಲ್ಲ, ಓಡುತ್ತಿದ್ದದ್ದು ಮೂರೇ. ಹಾಗಾಗಿ ಪ್ರತಿದಿನ ಪಟ್ಟಿಯ ಕೊನೆಯಲ್ಲಿದ್ದವರನ್ನು ನಾಳೆ ಬನ್ನಿ ಎಂದು ಕಳಿಸುತ್ತಿದ್ದರು.

ಆ ಪಟ್ಟಿಯನ್ನು ಮಾಡುತ್ತಿದ್ದವರು ವಾರ್ಡಿನ ಹಿರಿಯ ಸಿಸ್ಟರ್. ಸಂಜೆ ಮನೆಗೆ ಹೋಗುವ ಮುಂಚೆ ಮರುದಿನದ ಹೆಸರುಗಳನ್ನು ಕೂಡಿಸುತ್ತಿದ್ದರು. ಯಾರ ಕಾಲು ಎಷ್ಟು ಊದಿದೆ, ಯಾರಿಗೆ ಏದುಸಿರು ಬರುತ್ತಿದೆ, ಯಾರು ಒಂದು ದಿನ ತಡೆದುಕೊಳ್ಳಬಲ್ಲರು, ಇದೆಲ್ಲ ಅವರ ತಲೆಯಲ್ಲಿರುತ್ತಿತ್ತು. ಮೊದಲು ಬರೆದ ಹೆಸರಿಗೆ ಮೊದಲ ಸರದಿ, ಅಷ್ಟೇ. ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಹಾಕುತ್ತಿರಲಿಲ್ಲ. ಕಾಗದದ ಕಾಲದಲ್ಲೂ ಹಾಕಿರಲಿಲ್ಲವಂತೆ. ನಮ್ಮ ಪ್ರೋಗ್ರಾಂ ಬಂದ ಮೇಲೂ ಅವರು ವಾರ್ಡಿನೊಳಗಿನ ಕಂಪ್ಯೂಟರಿನಲ್ಲಿ ಅದೇ ಕ್ರಮದಲ್ಲಿ ಒಬ್ಬೊಬ್ಬರನ್ನೇ ಸೇರಿಸುತ್ತಿದ್ದರು. ನಾವೂ ನಂಬರ್ ಕೇಳಲಿಲ್ಲ. ಬರೆದ ಸಾಲೇ ಸರದಿ ಅನ್ನುವುದು ನಮಗೆ ಎಷ್ಟು ಸಹಜವೆಂದರೆ, ಅದನ್ನು ಬೇರೆಯಾಗಿ ಬರೆದಿಡಬೇಕು ಎಂದು ಯಾರಿಗೂ ತೋಚಲಿಲ್ಲ. ನೀರಿನ ನಲ್ಲಿಯ ಮುಂದೆ ಬಿಂದಿಗೆ ಇಟ್ಟವರು ಅದರ ಮೇಲೆ ನಂಬರ್ ಬರೆಯುತ್ತಾರೆಯೇ?

ಅವರು ಸೇರಿಸಿದ್ದೆಲ್ಲ ಒಂದು ಜೇಸನ್ ಫೈಲಿಗೆ, ಅಂದರೆ ಕೀ ಮತ್ತು ವ್ಯಾಲ್ಯೂ ಜೋಡಿಗಳಾಗಿ ಮಾಹಿತಿ ಬರೆದಿಡುವ ಫೈಲಿಗೆ, ಹೋಗುತ್ತಿತ್ತು. ರೋಗಿಯ ಕಡತದ ನಂಬರೇ ಕೀ. ವ್ಯಾಲ್ಯೂ ಒಳಗೆ ಅವರ ಹೆಸರು, ಊರು, ತೂಕ. ಹೆಸರನ್ನೇ ಕೀ ಮಾಡಬಹುದಿತ್ತು, ಆದರೆ ನಮ್ಮ ಕಡೆ ಮಹದೇವ, ಮಹದೇವಮ್ಮ, ಸಿದ್ದಮ್ಮ ಎಂಬ ಹೆಸರಿನವರು ಒಂದೇ ಬೆಂಚಿನಲ್ಲಿ ಮೂವರು ಸಿಗುತ್ತಾರೆ. ಒಂದೇ ಕೀ ಎರಡು ಸಲ ಬಂದರೆ ಮೊದಲಿನದು ಅಳಿಸಿಹೋಗುತ್ತದೆ. ಅದಕ್ಕೇ ಮೇಡಂ ಯೋಚಿಸಿ ಕಡತದ ನಂಬರ್ ಇಟ್ಟಿದ್ದಳು. ಹೊರಗೆ ಕಾಯುವ ಜಾಗದ ಕೌಂಟರಿನಲ್ಲಿ ಇನ್ನೊಂದು ಕಂಪ್ಯೂಟರ್, ಅದರ ಪರದೆ ಬೆಂಚುಗಳ ಕಡೆಗೆ ತಿರುಗಿರುತ್ತಿತ್ತು. ಅಲ್ಲಿನ ಪುಟದಲ್ಲಿ ಒಂದು ಲೂಪ್: ಫೈಲಿನೊಳಗಿನ ಒಂದು ಕೀಯನ್ನು ತಗೋ, ಅದರ ವ್ಯಾಲ್ಯೂ ಬಿಚ್ಚಿ ಹೆಸರು ತೋರಿಸು, ಮುಂದಿನ ಕೀಗೆ ಹೋಗು, ಮುಗಿಯುವ ತನಕ ಹೀಗೇ ಮಾಡು. ಪರದೆಯಲ್ಲಿ ಮೇಲಿಂದ ಕೆಳಕ್ಕೆ ಹೆಸರುಗಳು ಬರುತ್ತಿದ್ದವು. ವಾರ್ಡಿನ ಆಯಾ ಅದನ್ನು ನೋಡಿ ಕೂಗುತ್ತಿದ್ದಳು.

ಶುರುವಿನ ದಿನಗಳಲ್ಲಿ ಜೊತೆಗೆ ಕೂತು ನೋಡಿಕೊಳ್ಳಲು ಆಫೀಸಿನವರು ನನ್ನನ್ನು ಕಳಿಸಿದ್ದರು. ಕೌಂಟರಿನ ಹಿಂದೆ ಒಂದು ಸ್ಟೂಲು. ಯಾರಾದರೂ ಏನಾದರೂ ಕೇಳಿದರೆ ನಾನು ಆಯಾಳ ಕಡೆ ನೋಡುತ್ತಿದ್ದೆ, ಅವಳೇ ಉತ್ತರ ಹೇಳುತ್ತಿದ್ದಳು. ಕೆಲವು ದಿನ ಎಲ್ಲ ಸರಿಯಾಗೇ ನಡೆಯಿತು.

ಆ ದಿನ ಬೆಳಿಗ್ಗೆ ನಾನು ಹೋದಾಗ ಆಯಾ, "ನಿಮ್ ಕಂಪ್ಯೂಟ್ರು ಈಗ ಎಷ್ಟ್ ಜೋರಾಗಿ ಓಡ್ತದೆ ನೋಡಮ್ಮ. ನೆನ್ನೆ ರಿಪೇರಿಯವ್ರು ಬಂದು ವೈರಸ್ಸು ಎಲ್ಲಾ ತೆಗ್ದು ತೊಳ್ದ್ಬುಟ್ಟವ್ರೆ" ಎಂದಳು. ನಿಜವಾಗಿಯೂ ಪುಟ ಬೇಗ ತೆರೆಯಿತು. ಹೆಸರುಗಳು ಬಂದವು. ಯಾವ ಹೆಸರೂ ಬಿಟ್ಟುಹೋಗಿರಲಿಲ್ಲ. ನಾನು ಎಣಿಸಿ ನೋಡಿ, ಸರಿ ಎಂದುಕೊಂಡೆ.

ಆಯಾ ಮೊದಲ ಹೆಸರು ಕೂಗಿದಳು, ಎರಡನೆಯದು ಕೂಗಿದಳು. ಇಬ್ಬರೂ ತೂಕ ಮಾಡಿಸಿಕೊಂಡು ಒಳಗೆ ಹೋದರು. ಮೂರನೆಯ ಹೆಸರು ಒಬ್ಬ ವಯಸ್ಸಾದ ಯಜಮಾನರದು. ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದವರು, ಹಣೆಗೆ ವಿಭೂತಿ ಹಚ್ಚದೆ ಬಂದ ದಿನವಿಲ್ಲ. ಆ ವಾರ್ಡಿನ ಹಳಬರು. ತೂಕದ ಯಂತ್ರದ ಮೇಲೆ ನಿಂತು, "ಸರಿಯಾಗಿ ನೋಡಮ್ಮ, ನೆನ್ನೆ ತಿಂದ ಒಂದು ಇಡ್ಲೀನೂ ಬಿಡದೆ ಹೇಳ್ಬುಡತ್ತೆ ಇದು" ಎಂದರು. ಆಯಾ, "ನೀವು ಒಂದೇ ಇಡ್ಲಿ ತಿಂದೋರಲ್ಲ ಬುಡಿ" ಎಂದಳು.

ಅಷ್ಟರಲ್ಲಿ ಕೌಂಟರಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಶ್ರೀರಾಂಪುರದ ಕಡೆ ಶಾಲೆ ಯೂನಿಫಾರ್ಮ್ ಹೊಲಿಯುತ್ತಿದ್ದ ಒಬ್ಬ ಟೈಲರನ ಹೆಂಡತಿ. ಅವಳ ಗಂಡ ಬೆಂಚಿನ ತುದಿಯಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈಯನ್ನು ಮೊಣಕಾಲಿನ ಮೇಲೆ ಊರಿ ಕೂತಿದ್ದ. ಒರಗಿದರೆ ಉಸಿರು ಸಿಗುತ್ತಿರಲಿಲ್ಲ. ಪಾದ ಊದಿ ಚಪ್ಪಲಿಯ ಪಟ್ಟಿ ಹಾಕಲಾಗದೆ ಹಾಗೇ ಬಿಟ್ಟಿದ್ದ. ಅವನು ವಾರ್ಡಿಗೆ ಹೊಸಬ.

"ಅಮ್ಮಾ, ನಮ್ಮವರ ಹೆಸರು ಯಾವಾಗ ಬತ್ತದೆ?" ಎಂದು ನನ್ನನ್ನೇ ಕೇಳಿದಳು. ಪರದೆ ನೋಡಿದೆ. ಟೈಲರನ ಹೆಸರು ಎಲ್ಲಕ್ಕಿಂತ ಕೆಳಗಿತ್ತು. ಕೆಳಗಿದ್ದವರು ಆ ದಿನ ಮನೆಗೆ ಹೋಗಬೇಕಾದವರು.

"ಕೊನೆಗಿದೆ" ಎಂದೆ.

"ಎಂಗೆ ಕೊನೆಗೆ? ನೆನ್ನೆ ಸಾಯಂಕಾಲ ಸಿಸ್ಟರಮ್ಮ ಇವ್ರ ಕಾಲು ಒತ್ತಿ ನೋಡಿ, ಸೂಜಿ ಕೊಟ್ಟು, ಬೆಳಿಗ್ಗೆ ಬೇಗ ಬನ್ನಿ ನಿಮ್ದೇ ಮೊದ್ಲು ಅಂತ ಏಳವ್ರೆ. ರಾತ್ರಿಯೆಲ್ಲ ಕೂತೇ ಇದ್ದಾರೆ, ಮಲಗೇ ಇಲ್ಲ."

ಆಯಾ ನಡುವೆ ಬಂದಳು. "ಪಟ್ಟಿ ನಾನ್ ಬರ್ದಿದ್ದಲ್ಲ ಕಣಮ್ಮ. ಟೀವೀಲಿ ಎಂಗ್ ಬತ್ತದೋ ಅಂಗೇ ಕೂಗೋದು ನಾನು. ಸಿಸ್ಟರಮ್ಮನೇ ಆಮೇಲೆ ಬದ್ಲಾಯಿಸಿರ್ಬೋದು."

"ಸಿಸ್ಟರ್ ಅವರನ್ನ ಒಂದು ಮಾತು ಕೇಳ್ತೀರಾ?" ಎಂದು ನಾನು ಆಯಾಗೆ ಮೆಲ್ಲಗೆ ಹೇಳಿದೆ.

"ಒಳಗೆ ಒಬ್ರಿಗೆ ಬಿಪಿ ಬಿದ್ದೋಗದೆ. ಈಗ ಅವ್ರ ಹತ್ರ ಹೋದ್ರೆ ನನ್ನ ಸುಟ್ಟ್‌ಬುಡ್ತಾರೆ. ಹೊರಗಿನವರು ಯಾರೂ ಹೋಗಂಗೂ ಇಲ್ಲ."

ಯಜಮಾನರು ಆಗಲೇ ಶರ್ಟು ತೆಗೆದು ವಾರ್ಡಿನ ನಿಲುವಂಗಿ ಹಾಕಿಕೊಳ್ಳುತ್ತಿದ್ದರು. ಮೂರನೆಯ ಮೆಷಿನ್ ತೊಳೆದು ಸಿದ್ಧವಾಗುತ್ತಿದ್ದಂತೆ ಅವರನ್ನು ಕರೆಯುತ್ತಾರೆ. ಸೂಜಿ ಚುಚ್ಚಿ ರಕ್ತ ಹರಿಯಲು ಶುರುವಾದರೆ ಮಧ್ಯಾಹ್ನದ ತನಕ ಆ ಮೆಷಿನ್ ಯಾರಿಗೂ ಸಿಗುವುದಿಲ್ಲ. ನಾನು ಆಫೀಸಿಗೆ ಫೋನ್ ಮಾಡಿದೆ.

ಮೇಡಂ ಫೈಲನ್ನು ಅಲ್ಲಿಂದಲೇ ತೆರೆದು ನೋಡಿದಳು. ಫೋನಿನಲ್ಲಿ ಓದಿ ಹೇಳಿದಳು. ಅವಳು ಓದಿದ ಮೊದಲ ಹೆಸರೇ ಟೈಲರನದು.

"ಡೇಟಾ ಸರಿ ಇದೆ ಅಕ್ಕ. ಸಿಸ್ಟರ್ ಮೊದಲು ಹಾಕಿರೋದು ಅವರನ್ನೇ."

"ಇಲ್ಲಿ ಕೊನೇಲಿ ತೋರಿಸ್ತಾ ಇದೆ ಮೇಡಂ."

"ಹಾಗಾಗಲ್ಲ. ಪುಟ ಇನ್ನೊಂದು ಸಲ ಲೋಡ್ ಮಾಡಿ."

ಮಾಡಿದೆ. ಹಾಗೇ ಬಂತು. ಹಳೆಯ ಪ್ರತಿ ಉಳಿದುಕೊಂಡಿರಬಹುದು, ಅಳಿಸಿ ನೋಡಿ ಎಂದಳು. ಅಳಿಸಿದೆ, ಬದಲಾಗಲಿಲ್ಲ. ಕಂಪ್ಯೂಟರನ್ನೇ ಆರಿಸಿ ಹಾಕಿದೆ. ಅದು ಏಳುವ ತನಕ ಬೆಂಚಿನ ಮೇಲಿದ್ದವರೆಲ್ಲ ಕಪ್ಪು ಪರದೆಯನ್ನು ನೋಡುತ್ತ ಕೂತರು. ಎದ್ದ ಮೇಲೆ ಮತ್ತೆ ಅದೇ ಪಟ್ಟಿ. ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಪುಟ, ಅದೇ ಫೈಲು, ಆದರೆ ಟೈಲರ್ ಮೊದಲು.

ಇಷ್ಟರಲ್ಲಿ ನನಗೊಂದು ಅನುಮಾನ ಬಂತು. ಸಿಸ್ಟರ್ ಬೆಳಿಗ್ಗೆ ಬಂದು ಬೇರೆ ಫೈಲು ಮಾಡಿರಬಹುದೇ? ಒಳಗೆ ಹೋಗಿ ಈ ಪಟ್ಟಿ ತಪ್ಪು ಎಂದು ಹೇಳಿ, ಆಮೇಲೆ ಅದೇ ಸರಿ ಎಂದಾದರೆ? ತೂಕ ಮಾಡಿಸಿ ನಿಂತಿರುವ ಹಿರಿಯರನ್ನು ನಾನು ಸುಮ್ಮನೆ ತಡೆದಂತಾಗುತ್ತದೆ. ಮೇಡಂಗೆ ಹೀಗೆಂದು ಹೇಳಿದೆ. ಅವಳು, "ಲೂಪ್ ಒಳಗೆ ಒಂದು ಅಲರ್ಟ್ ಹಾಕೋಣ. ಯಾವ ಕೀ ಯಾವಾಗ ಬರುತ್ತೆ ನೋಡೋಣ" ಎಂದಳು. ಪುಟದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಸಿದಳು. ಒಂದೊಂದು ಅಕ್ಷರ, ಒಂದೊಂದು ಬ್ರಾಕೆಟ್ಟು ಹೇಳುತ್ತ ಹೋದಳು, ನಾನು ಟೈಪ್ ಮಾಡಿದೆ. ಅಲರ್ಟ್ ಅಂದರೆ ಪರದೆಯ ನಡುವೆ ಒಂದು ಸಣ್ಣ ಚೌಕ ಬಂದು ನಿಲ್ಲುವುದು. ಓಕೆ ಒತ್ತಿದರೆ ಲೂಪ್ ಮುಂದಕ್ಕೆ ಹೋಗುತ್ತದೆ.

ಪರದೆ ಬೆಂಚುಗಳ ಕಡೆ ತಿರುಗಿದೆ ಎನ್ನುವುದು ನಮ್ಮಿಬ್ಬರಿಗೂ ಮರೆತೇ ಹೋಗಿತ್ತು.

ಮೊದಲ ಕಡತದ ನಂಬರ್ ದೊಡ್ಡದಾಗಿ ಪರದೆಯ ನಡುವೆ ಬಂತು. ಒಳಗೆ ಮಲಗಿದ್ದವರ ನಂಬರ್ ಅದು, ಅವರ ಮಗ ಗಾಬರಿಯಿಂದ ಎದ್ದ. "ಯಾಕೆ, ನಮ್ಮಪ್ಪಂಗೆ ಏನಾಯ್ತು?" ಓಕೆ ಒತ್ತಿದೆ. ಎರಡನೆಯದು ಬಂತು. ಮೂರನೆಯದು ಬರುತ್ತಿದ್ದಂತೆ ಯಜಮಾನರು ನಿಲುವಂಗಿಯ ದಾರ ಕಟ್ಟಿಕೊಳ್ಳುತ್ತ ಬಾಗಿಲ ಕಡೆ ನಡೆದರು. ನಾಲ್ಕನೆಯದಕ್ಕೆ ಒಬ್ಬ ಅಜ್ಜಿ ಕೋಲು ಊರಿ ಎದ್ದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ, ಕರ್ದಿಲ್ಲ" ಎಂದು ಆಯಾ ಓಡಾಡಿದಳು. "ಎಬ್ಬಿಸ್ತೀರ, ಕೂರಿಸ್ತೀರ, ಏನಾಟ ಇದು?" ಎಂದು ಯಾರೋ ರೇಗಿದರು. ನಾನು ಮುಖ ಎತ್ತದೆ ಒತ್ತುತ್ತಾ ಹೋದೆ, ಪ್ರತಿ ನಂಬರನ್ನೂ ಫೋನಿನಲ್ಲಿ ಹೇಳಿದೆ. ಕೊನೆಗೆ ಟೈಲರನದು ಬಂತು. ಅವನ ಹೆಂಡತಿ ಕೌಂಟರನ್ನು ಹಿಡಿದುಕೊಂಡು ನಿಂತೇ ಇದ್ದಳು. ಓದಲು ಬರುತ್ತಿರಲಿಲ್ಲವೋ ಏನೋ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕ, ನೀವು ಹೇಳಿದ ನಂಬರ್‌ಗಳೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಹೋಗಿವೆ" ಎಂದಳು ಮೇಡಂ.

ನಾನೂ ಅದನ್ನೇ ನೋಡುತ್ತಿದ್ದೆ. ಅತಿ ಹಳೆಯ ಕಡತ ಮೊದಲು, ಹೊಸ ಕಡತ ಕೊನೆಗೆ. ಯಾರಿಗೆ ಎಷ್ಟು ಜರೂರು ಅನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ. ಸಿಸ್ಟರ್ ಮಾಡಿದ ಪಟ್ಟಿ ಹೀಗೆ ಜೋಡಿಸಿದಂತೆ ಇರಲು ಸಾಧ್ಯವಿಲ್ಲ.

"ಯಾಕೆ ಹಾಗಾಯ್ತು ಅಂತ ನಂಗೂ ಗೊತ್ತಾಗ್ತಿಲ್ಲ. ಹತ್ತು ನಿಮಿಷ ಕೊಡಿ, ಹುಡುಕ್ತೀನಿ. ಪರದೆ ಮಾತ್ರ ಆಫ್ ಮಾಡಬೇಡಿ ಅಕ್ಕ. ಮಧ್ಯಾಹ್ನ ಟ್ರಸ್ಟಿನವರು ನೋಡೋಕೆ ಬರ್ತಾರಂತೆ, ನಮ್ಮ ಆಫೀಸ್ ಸರ್ ಹೇಳಿದ್ದಾರೆ. ಕೆಟ್ಟುಹೋಯ್ತು ಅಂತ ಗೊತ್ತಾದ್ರೆ ಈ ಕೆಲಸ ನಮ್ಮ ಕೈಬಿಡುತ್ತೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆ ಆಫೀಸು ನಡೆದರೆ ನನ್ನ ಮನೆಯೂ ನಡೆಯುತ್ತಿತ್ತು. ಆದರೆ ಒಳಗಿನ ಬಾಗಿಲು ತೆರೆದು ಟೆಕ್ನೀಷಿಯನ್ ಆಯಾಳ ಕಡೆ ಕೈ ಮಾಡಿದ. ಮೂರನೆಯ ಮೆಷಿನ್ ಸಿದ್ಧವಾಗಿತ್ತು. ಆಯಾ ಯಜಮಾನರ ತೋಳು ಹಿಡಿದಳು.

ನಾನು ಪರದೆಯ ಬಟನ್ ಒತ್ತಿ ಆರಿಸಿದೆ. "ಅವರನ್ನ ಕಳಿಸಬೇಡಿ" ಎಂದೆ. ನನ್ನ ದನಿ ಆಯಾಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. ಈ ಸಲ ಎಲ್ಲರಿಗೂ ಕೇಳಿಸಿತು, ಬೆಂಚಿನವರೆಲ್ಲ ತಿರುಗಿ ನೋಡಿದರು. ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರ ಪೆಟ್ಟಿಗೆಯಲ್ಲಿದ್ದ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದೆ.

ಸಿಸ್ಟರ್ ಬಿಪಿ ಬಿದ್ದವರ ಕಾಲು ಎತ್ತಿ ದಿಂಬು ಇಡುತ್ತಿದ್ದರು. ನನ್ನನ್ನು ನೋಡಿ, "ಯಾರು ಬಿಟ್ಟಿದ್ದು ನಿಮ್ಮನ್ನ ಒಳಗೆ?" ಎಂದರು.

"ನೀವು ಬರೆದ ಸರದಿ ಬೇರೆ, ಹೊರಗೆ ತೋರಿಸ್ತಾ ಇರೋದು ಬೇರೆ. ಟೈಲರ್ ಮೊದಲು ಅಂತ ಬರೆದಿದ್ರಾ?"

"ಹೌದು. ಎಲ್ಲಿ ಅವರು?"

"ಹೊರಗಡೆ ಇದ್ದಾರೆ."

ಸಿಸ್ಟರ್ ಮೂರು ಹಾಸಿಗೆಗಳನ್ನೂ ನೋಡಿದರು. ಎರಡರಲ್ಲಿ ಆಗಲೇ ರಕ್ತ ಹರಿಯುತ್ತಿತ್ತು. ಕೈಗವಸು ಕಳಚಿ ಹೊರಗೆ ಬಂದರು. ಟೈಲರನ ಬೆನ್ನಿಗೆ ಕಿವಿಯಿಟ್ಟಂತೆ ಬಾಗಿ ಉಸಿರು ಕೇಳಿ, "ಗಾಲಿ ಕುರ್ಚಿ ತಗೊಂಡ್ಬಾ" ಎಂದು ಆಯಾಗೆ ಹೇಳಿದರು. ಅವನನ್ನು ತೂಕ ಮಾಡಿಸುವಾಗ ನಿಲ್ಲಲಾಗದೆ ಹೆಂಡತಿಯ ಹೆಗಲು ಹಿಡಿದ. ಅವಳ ಕೈ ತೆಗೆಸಿದರೆ ಬೀಳುತ್ತಾನೆ, ತೆಗೆಯದಿದ್ದರೆ ತೂಕ ಸರಿ ಬರುವುದಿಲ್ಲ. "ತೂಕ ಬಿಡು, ನೆನ್ನೆದೇ ಹಾಕ್ಕೋತೀನಿ" ಎಂದು ಸಿಸ್ಟರ್ ಕುರ್ಚಿಯಲ್ಲಿ ಕೂರಿಸಿದರು.

ಬಾಗಿಲಲ್ಲಿ ಯಜಮಾನರು ನಿಲುವಂಗಿ ಹಾಕಿಕೊಂಡು ನಿಂತಿದ್ದರು. ಗಾಲಿ ಕುರ್ಚಿಗೆ ದಾರಿ ಬಿಡಲು ಗೋಡೆಗೆ ಒತ್ತಿಕೊಂಡರು. ಅದು ಒಳಗೆ ಹೋದ ಮೇಲೆ ಕೇಳಿದರು, "ಹಂಗಾದ್ರೆ ನಂದು ಆಮೇಲಾ?"

"ಯಜಮಾನ್ರೇ, ನೀವು ನಾಳೆ ಬೆಳಿಗ್ಗೆ ಬರಬೇಕಾಗುತ್ತೆ" ಎಂದರು ಸಿಸ್ಟರ್.

"ನಾಳೆಗಾ? ಇವತ್ತಿನ ಪಟ್ಟೀಲಿ ಇದ್ದೆನಲ್ಲ."

"ಇದ್ರಿ."

"ಎಲ್ಲಿದ್ದೆ?"

ಸಿಸ್ಟರ್ ಅವರ ಹತ್ತಿರ ಬಂದರು. ಆಮೇಲೆ, "ಕೊನೇಲಿ" ಎಂದರು.

ಯಜಮಾನರು ನಿಲುವಂಗಿಯ ದಾರ ಬಿಚ್ಚತೊಡಗಿದರು. ಗಂಟು ಬಿಗಿದುಕೊಂಡಿತ್ತು. "ಇಷ್ಟು ವರ್ಷದಿಂದ ಬರ್ತಿದ್ದೀನಿ, ಒಂದಿನಾನೂ ಕೊನೆಗೆ ಅಂತ ಹೇಳಿರ್ಲಿಲ್ಲ ನೀವು" ಎಂದಷ್ಟೇ ಹೇಳಿದರು. ಶರ್ಟು ಹಾಕಿಕೊಂಡು, ಯಾರ ಕಡೆಯೂ ನೋಡದೆ ಹೊರಟುಹೋದರು. ಅವರ ಕಾಲೂ ಊದಿತ್ತು. ಟೈಲರನಷ್ಟಿರಲಿಲ್ಲ, ಆದರೆ ಊದಿತ್ತು. ಅದನ್ನು ನಾನು ಗಮನಿಸಿದ್ದು ಆಗ ಮಾತ್ರ.

ಮೇಡಂ ಸ್ಕೂಟರಿನಲ್ಲಿ ಬಂದಳು. ಬಂದವಳೇ ಕೌಂಟರಿನ ಕಂಪ್ಯೂಟರ್ ಮುಂದೆ ಕೂತು, "ಓ, ಇದರಲ್ಲಿ ಬ್ರೌಸರೇ ಬೇರೆ" ಎಂದಳು. ರಿಪೇರಿಯವರು ಪುಟ ತೆರೆದು ತೋರಿಸುವ ಹಳೆಯ ಬ್ರೌಸರನ್ನು ತೆಗೆದು, ಆಗ ಹೊಸದಾಗಿ ಬಂದಿದ್ದ ಒಂದು ಬ್ರೌಸರ್ ಹಾಕಿದ್ದರು. ಹಳೆಯದು ಲೂಪ್ ಮಾಡುವಾಗ ಕೀಗಳನ್ನು ಬರೆದ ಕ್ರಮದಲ್ಲೇ ಕೊಡುತ್ತಿತ್ತು. ಹೊಸದು, ಕೀಗಳು ಬರೀ ಅಂಕಿಗಳಾಗಿದ್ದರೆ, ಅವನ್ನು ಚಿಕ್ಕದರಿಂದ ದೊಡ್ಡದಕ್ಕೆ ತಾನೇ ಜೋಡಿಸಿಕೊಂಡುಬಿಡುತ್ತಿತ್ತು. ಅದು ಕೆಟ್ಟದ್ದೂ ಅಲ್ಲ, ವೈರಸ್ಸೂ ಅಲ್ಲ. ಫ್ಲವರ್ ಬ್ರಾಕೆಟ್ಟಿನೊಳಗೆ ಹಾಕಿದ ಕೀಗಳಿಗೆ ಸಾಲು ಅನ್ನುವುದು ಇರಲೇಬೇಕೆಂಬ ನಿಯಮ ಎಲ್ಲೂ ಇರಲಿಲ್ಲ. ಹಳೆಯ ಬ್ರೌಸರ್ ಅಭ್ಯಾಸಬಲದಿಂದ ಸಾಲು ಉಳಿಸುತ್ತಿತ್ತು, ನಾವು ಅದನ್ನು ನಿಯಮ ಎಂದುಕೊಂಡಿದ್ದೆವು.

ಅವಳು ಪ್ರತಿ ನಂಬರಿನ ಮುಂದೆ ಒಂದು ಅಕ್ಷರ ಅಂಟಿಸಿದಳು. ಆಗ ಅದು ಬರೀ ಅಂಕಿಯಾಗಿ ಉಳಿಯದ್ದರಿಂದ ಹೊಸ ಬ್ರೌಸರ್ ಕೂಡ ಸಾಲು ಮುಟ್ಟಲಿಲ್ಲ. ಪರದೆ ಹಾಕಿದೆವು. ಟೈಲರನ ಹೆಸರು ಮೇಲೆ ಬಂತು. ಟ್ರಸ್ಟಿನವರು ಬಂದು ನೋಡಿದಾಗ ಎಲ್ಲ ಸರಿಯಾಗಿತ್ತು. ಸಿಸ್ಟರ್ ಮಾತ್ರ ಬೆಳಿಗ್ಗೆ ನಡೆದದ್ದನ್ನು ಬಿಡದೆ ಹೇಳಿದರು. ಟ್ರಸ್ಟಿನ ಹಿರಿಯರೊಬ್ಬರು ಮೇಡಂ ಕಡೆ ತಿರುಗಿ, "ಇದು ಇನ್ನೊಂದು ಸಲ ಆಗಲ್ಲ ಅಂತ ಹೇಳ್ತೀರಾ?" ಎಂದು ಕೇಳಿದರು.

ಮೇಡಂ ಹೂಂ ಅನ್ನಬಹುದಿತ್ತು. "ಈಗ ಮಾಡಿರೋದು ತೇಪೆ ಸರ್. ನಾಳೆ ಇನ್ಯಾವುದೋ ಬ್ರೌಸರ್ ಬಂದು ಇನ್ನೇನೋ ಮಾಡಬಹುದು. ಸರದೀನ ಡೇಟಾದೊಳಗೇ ಬರೆಯಬೇಕು. ಆಗ ಕೀಗಳು ಹೇಗೆ ಬಂದರೂ ಚಿಂತೆ ಇಲ್ಲ, ನಂಬರ್ ನೋಡಿ ಜೋಡಿಸ್ಕೋಬಹುದು" ಎಂದಳು. ಅವರು ಹಾಗೇ ಮಾಡಿ ಎಂದು ಹೊರಟರು.

ಅಂದರೆ ಪ್ರತಿಯೊಬ್ಬರ ವ್ಯಾಲ್ಯೂ ಒಳಗೆ ಹೆಸರು, ಊರು, ತೂಕದ ಜೊತೆ ಇನ್ನೊಂದು ಕೀ, ಸರದಿ, ಅದರ ಎದುರು ಒಂದು, ಎರಡು, ಮೂರು. ಸಿಸ್ಟರ್ ತುಂಬಬೇಕಾದ ಪುಟದಲ್ಲಿ ಮೇಡಂ ಅದಕ್ಕೊಂದು ಖಾನೆ ಮಾಡಿ ತೋರಿಸಿದಳು. ಸಿಸ್ಟರ್ ಅದನ್ನು ನೋಡಿದರು, ಕೀಬೋರ್ಡ್ ಮುಟ್ಟಲಿಲ್ಲ.

"ನಾನು ನಂಬರ್ ಹಾಕಲ್ಲಮ್ಮ" ಎಂದರು.

"ಮನಸ್ಸಲ್ಲಿ ಹಾಕೇ ಇರ್ತೀರಲ್ಲ ಸಿಸ್ಟರ್."

"ಮನಸ್ಸಲ್ಲಿ ಹಾಕೋದು ಬೇರೆ. ಈ ಜೀವಕ್ಕೆ ಇಷ್ಟನೇ ನಂಬರ್ ಅಂತ ಬರೆಯೋಕೆ ನನ್ನ ಕೈ ಬರಲ್ಲ. ಅವರೂ ಅದನ್ನ ನೋಡಬಾರದು. ಬೆಳಿಗ್ಗೆ ಯಜಮಾನರ ಮುಖ ನೋಡಿದ್ರಲ್ಲ ನೀವು" ಎಂದು ನನ್ನ ಕಡೆ ತಿರುಗಿದರು.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದ್ದು ಇಷ್ಟೇ: "ನೀವು ಬರೆಯೋದು ಬೇಡ. ನೀವು ಮೊದಲಿನ ಹಾಗೇ ಒಬ್ಬೊಬ್ಬರನ್ನೇ ಸೇರಿಸಿ. ಸೇರಿಸಿದ ಹಾಗೆಲ್ಲ ಪ್ರೋಗ್ರಾಮೇ ನಂಬರ್ ಹಾಕ್ಕೊಳ್ಳಲಿ. ಪರದೇಲಿ ಪೂರ್ತಿ ಪಟ್ಟಿ ಬೇಡ. ಈಗ ಕರೆಯೋ ಹೆಸರೊಂದೇ ಕಾಣಲಿ."

"ಆಗುತ್ತೆ" ಎಂದಳು ಮೇಡಂ.

ಸಿಸ್ಟರ್ ತಲೆಯಾಡಿಸಿ, ಆಮೇಲೆ ತಡೆದರು. "ಒಂದೇ ಹೆಸರು ಕಂಡರೆ, ಪಟ್ಟಿ ತಿರುಗುಮುರುಗಾದ್ರೆ ಯಾರಿಗೆ ಗೊತ್ತಾಗುತ್ತೆ? ಇವತ್ತು ಆ ಹೆಂಗಸಿಗೆ ನಾನು ನಿಮ್ದೇ ಮೊದ್ಲು ಅಂದಿದ್ದಕ್ಕೆ ಬಂದು ಕೇಳಿದ್ಳು. ಅಂದಿರದಿದ್ರೆ ಸುಮ್ಮನೆ ಮನೆಗೆ ಹೋಗಿರೋಳು." ಪರದೆಯಿಂದ ನಮ್ಮ ಕಡೆ ತಿರುಗಿದರು. "ನಾನೇ ಹೇಳ್ತೀನಿ. ಹಿಂದಿನ ಸಂಜೆ ಒಬ್ಬೊಬ್ಬರಿಗೂ ಬಾಯಲ್ಲಿ ಹೇಳ್ತೀನಿ, ನೀವು ಯಾರ ಹಿಂದೆ ಅಂತ. ಕೊನೆಯವರಿಗೂ ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ."

ಅಲ್ಲೇ ಫೋನ್ ತೆಗೆದು ಯಜಮಾನರ ಮನೆಗೆ ಮಾಡಿದರು. ಆ ಕಡೆಯಿಂದ ಏನು ಹೇಳಿದರೋ ಕೇಳಿಸಲಿಲ್ಲ. ಸಿಸ್ಟರ್ ಬಹಳ ಹೊತ್ತು ಕೇಳಿಸಿಕೊಂಡರು. "ಹೌದು, ತಪ್ಪು. ಒಪ್ಕೋತೀನಿ. ನೀರು ಕಮ್ಮಿ ಕುಡೀರಿ. ನಾಳೆ ನಿಮ್ಮದೇ ಮೊದಲು" ಎಂದು ಇಟ್ಟರು.

ನಾವು ಹೊರಡುವ ಹೊತ್ತಿಗೆ ಟೈಲರನ ಡಯಾಲಿಸಿಸ್ ಮುಗಿದಿತ್ತು. ಅವನು ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಅವನ ಹೆಂಡತಿ ಗೋಡೆಗೆ ಒರಗಿ ಕೂತು, ನನ್ನನ್ನು ನೋಡಿ, "ಮಲಗವ್ರೆ" ಎಂದಳು. ಅವಳು ಅವನನ್ನು ಎಬ್ಬಿಸಲಿಲ್ಲ.

ಮರುದಿನ ನಾನು ಬೇಗ ಹೋದೆ. ಹೊಸ ಪುಟ ಹಾಕಿದ್ದೆವು. ಪರದೆಯಲ್ಲಿ ಒಂದೇ ಹೆಸರು, ಯಜಮಾನರದು. ಅವರು ಬಂದಿರಲಿಲ್ಲ.

ಆಯಾ ಹೆಸರು ಕೂಗಿದಳು. ಬೆಂಚಿನಲ್ಲಿ ಯಾರೂ ಏಳಲಿಲ್ಲ. ಮೆಷಿನ್ ಸಿದ್ಧವಿತ್ತು, ಕಾಯುವವರು ಕಾಯುತ್ತಿದ್ದರು. ನನ್ನ ಮುಂದೆ ಹೊಸದಾಗಿ ಮಾಡಿದ ಒಂದು ಬಟನ್ ಇತ್ತು. ಅದನ್ನು ಒತ್ತಿದರೆ ಲೂಪ್ ಒಂದು ಹೆಜ್ಜೆ ಮುಂದೆ ಹೋಗಿ ಮುಂದಿನ ಹೆಸರು ಬರುತ್ತದೆ. ಆಯಾ ಮತ್ತೆ ಕೂಗಿದಳು. "ಮುಂದಿನವ್ರನ್ನ ಹಾಕ್ಬುಡಮ್ಮ" ಎಂದಳು ನನಗೆ. ಸಿಸ್ಟರ್ ಬಾಗಿಲಿಗೆ ಬಂದು ನಿಂತು ರಸ್ತೆಯ ಕಡೆ ನೋಡಿದರು. ಹಾಕಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಯಜಮಾನರ ಮನೆಯ ಫೋನ್ ಯಾರೂ ಎತ್ತುತ್ತಿರಲಿಲ್ಲ. ಹಿಂದಿನ ದಿನ ನಾನು ತಡೆದು ನಿಲ್ಲಿಸಿದಾಗ ಅವರು ಗೋಡೆಗೆ ಒತ್ತಿಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು. ರಾತ್ರಿ ಅವರೂ ಕೂತೇ ಕಳೆದಿದ್ದರೆ?

ಬೆಂಚಿನಲ್ಲಿ ಗೊಣಗಾಟ ಶುರುವಾಗುವ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಯಜಮಾನರು ಮಗಳ ಕೈ ಹಿಡಿದು ಇಳಿದರು. ಮೆಟ್ಟಿಲ ಹತ್ತಿರ ನಿಂತು ದಮ್ಮು ತೆಗೆದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಕೌಂಟರಿನ ಹತ್ತಿರ ಬಂದರು. ಮುಖ ಊದಿ ವಿಭೂತಿ ಸರಿಯಾಗಿ ಕೂತಿರಲಿಲ್ಲ. ಪರದೆಯ ಮೇಲೆ ತಮ್ಮ ಹೆಸರೊಂದೇ ಇರುವುದನ್ನು ನೋಡಿದರು.

"ನೆನ್ನೆ ಕೊನೇಲಿಟ್ರಿ, ಇವತ್ತು ಮೊದ್ಲು ಇಟ್ಟಿದ್ದೀರ. ಮಧ್ಯದಲ್ಲಿಡೋ ಅಭ್ಯಾಸ ಇಲ್ವಾ ನಿಮ್ಮ ಈ ಡಬ್ಬಕ್ಕೆ?" ಎಂದರು. ಪೂರ್ತ ಹೇಳಲು ನಡುವೆ ಎರಡು ಸಲ ನಿಲ್ಲಬೇಕಾಯಿತು.

"ಡಬ್ಬ ಇಡೋದಲ್ಲ ಯಜಮಾನ್ರೇ, ನಾವೇ ಇಡೋದು" ಎಂದೆ.

"ಹಂಗನ್ನಿ. ಬೈಯೋಕೆ ಒಬ್ರು ಸಿಕ್ಕಿದ್ರು" ಎಂದು ತೂಕದ ಯಂತ್ರ ಹತ್ತಿದರು. ಆಯಾ ಮುಳ್ಳು ನೋಡಿ ಏನೂ ತಮಾಷೆ ಮಾಡಲಿಲ್ಲ, ಸಿಸ್ಟರ್ ಕಡೆ ನೋಡಿದಳು. ಸಿಸ್ಟರೇ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಮುಂದಿನವರು ಯಾರು ಎಂದು ಬೆಂಚಿನಿಂದ ಕೇಳಿದರು. "ಒಂದು ನಿಮಿಷ ಇರಿ" ಎಂದೆ. ಒಳಗಿನಿಂದ ಆಯಾ ಬಂದು, "ಸುರುವಾಯ್ತು ಕಣಮ್ಮ, ಚೆನ್ನಾಗಿ ಓಡ್ತದೆ" ಎಂದು ಹೇಳುವ ತನಕ ಅವರ ಹೆಸರನ್ನು ಪರದೆಯಿಂದ ತೆಗೆಯಲು ನನಗೆ ಕೈ ಬರಲಿಲ್ಲ. ಆಮೇಲೆ ಬಟನ್ ಒತ್ತಿದೆ.